ಮನೆಯಲ್ಲೇ ತೋಟಾ ತುಂಬುವುದು: ಮೊದಲು ಯಾವ ಸಾಮಾನು ಕೊಳ್ಳಬೇಕು

ಮನೆಯಲ್ಲೇ ತೋಟಾ ತುಂಬಿಕೊಳ್ಳುತ್ತೇನೆ ಅಂದರೆ ಊರ ಕಡೆಯವರು ಗಾಬರಿಯಾಗುತ್ತಾರೆ. ಇಲ್ಲಿ ಟೆಕ್ಸಾಸ್‌ನಲ್ಲಿ ಇದು ಗ್ಯಾರೇಜಿನ ಮೂಲೆಯಲ್ಲಿ ನಡೆಯುವ ಮಾಮೂಲಿ ಹವ್ಯಾಸ. ಗುಂಡು ಹಾರಿದ ಮೇಲೆ ಹಿತ್ತಾಳೆಯ ಕೇಸ್ ಉಳಿಯುತ್ತದಲ್ಲ, ಅದನ್ನು ಸರಿಮಾಡಿ, ಹೊಸ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಹೊಸ ಪೌಡರ್ (ಉರಿಯುವ ಮದ್ದು), ಹೊಸ ಬುಲೆಟ್ (ಹಾರುವ ಗುಂಡು) ಹಾಕಿ ಮತ್ತೆ ಬಳಸುವುದು. ಅಷ್ಟೇ ಕೆಲಸ. ಆದರೆ ಇದಕ್ಕೆ ಅಂತ ಅಂಗಡಿಗೆ ಹೋದರೆ ತಲೆ ತಿರುಗುವಷ್ಟು ಸಾಮಾನು. ಯಾವುದು ನಿಜವಾಗಿ ಬೇಕು, ಯಾವುದು ಆಮೇಲೆ ಕೊಂಡರೂ ನಡೆಯುತ್ತದೆ ಅನ್ನುವುದನ್ನು ಕನ್ನಡದಲ್ಲಿ ಯಾರಾದರೂ ಹೇಳಿದ್ದರೆ ನನಗೆ ಎಷ್ಟೋ ಅನುಕೂಲ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾನೂನು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ತುಂಬಿ ಮಾರುವ ವ್ಯಾಪಾರಕ್ಕೆ ಇಳಿದರೆ ಬೇಕು. ರಾಜ್ಯದಿಂದ ರಾಜ್ಯಕ್ಕೆ, ಊರಿಂದ ಊರಿಗೆ ಬೇರೆ ನಿಯಮಗಳಿರುತ್ತವೆ, ನಿಮ್ಮಲ್ಲಿ ಏನಿದೆ ಅಂತ ನೋಡಿಕೊಳ್ಳಿ. ನಮ್ಮವರಿಗೆ ಇನ್ನೂ ಮುಖ್ಯವಾದ ವಿಷಯ ಒಂದಿದೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ ಅನ್ನುತ್ತದೆ ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ಅಂತ ಒಂದೆರಡು ವಿನಾಯಿತಿ ಇವೆ, ಆದರೆ ನಾನು ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಈ ಕಡೆ ತಲೆ ಹಾಕಲಿಲ್ಲ. ವೀಸಾ ಅಂದರೆ ಮನೆಮಂದಿಯ ಬದುಕು, ಅದರ ಜೊತೆ ಪಂದ್ಯ ಕಟ್ಟುವುದು ಬೇಡ. ಇನ್ನು ಊರಲ್ಲಿ ಇದನ್ನು ಓದುತ್ತಿರುವವರಿಗೆ: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತಯಾರಿಕೆಗಲ್ಲ. ಹಾಗಾಗಿ ಇದು ಪೂರ್ತಿ ಇಲ್ಲಿನ ಕಥೆ.

ನಾನು ಮಲೆನಾಡಿನವನು. ನಳಿಗೆಯ ಬಾಯಿಂದ ತುಂಬುವ ಕೇಪಿನ ಕೋವಿಗೆ ಮಸಿ, ಅಂದರೆ ಕಪ್ಪು ಮದ್ದು ಹಾಕಿ, ನಾರು ತುರುಕಿ, ಚರೆ ಸುರಿದು, ಗಜದಲ್ಲಿ ಗಿಡಿಯುವುದನ್ನು ನೋಡಿ ಬೆಳೆದಿದ್ದೇನೆ. ಅಲ್ಲಿ ಅಳತೆ ಅಂದರೆ ಒಂದು ಡಬ್ಬಿ, ಇಲ್ಲಾ ಅಂಗೈ. ಆ ಅಭ್ಯಾಸವನ್ನು ಪೂರ್ತಿ ಮರೆತು ಈ ಕೆಲಸಕ್ಕೆ ಕೂರಬೇಕು. ಈಗಿನ ಹೊಗೆರಹಿತ ಪೌಡರಿನ ಜಾತಿಯೇ ಬೇರೆ. ಅದನ್ನು ತೂಕ ಮಾಡಿಯೇ ಹಾಕಬೇಕು, ಕೇಪಿನ ಕೋವಿಗಂತೂ ಎಂದಿಗೂ ಹಾಕಬಾರದು, ನಳಿಗೆ ಸೀಳಿಹೋಗುತ್ತದೆ. ತೂಕದ ಲೆಕ್ಕ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗದವರೆಗೆ ಅಳೆಯಬೇಕು ಅಂದಾಗ ಈ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ.

ಹಾಗಾದರೆ ಮೊದಲ ಖರೀದಿ ಯಾವುದು? ಪುಸ್ತಕ. ಯಾವ ಯಂತ್ರವೂ ಅಲ್ಲ. ಲೈಮನ್, ಹಾರ್ನಡಿ, ಸಿಯೆರಾ ಇವರೆಲ್ಲ ರೀಲೋಡಿಂಗ್ ಕೈಪಿಡಿ ಹೊರತರುತ್ತಾರೆ. ಯಾವ ಕೇಸಿಗೆ, ಯಾವ ಬುಲೆಟ್‌ಗೆ, ಯಾವ ಪೌಡರ್ ಎಷ್ಟರಿಂದ ಶುರು ಮಾಡಿ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಅದರಲ್ಲಿ ಇರುತ್ತದೆ. ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಬರೆದ ಅಂಕಿಗಳು ಅವು. ನಾನು ಇಲ್ಲಿ ಒಂದೇ ಒಂದು ಪೌಡರ್ ಅಳತೆಯನ್ನೂ ಬರೆಯುವುದಿಲ್ಲ, ಯಾಕೆಂದರೆ ನೀವು ಅದನ್ನು ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಯಾರೋ ಹೇಳಿದ್ದು, ಎಲ್ಲೋ ಓದಿದ್ದು ನಡೆಯುವುದಿಲ್ಲ. ಎರಡು ಬೇರೆ ಬೇರೆ ಕಂಪನಿಯ ಕೈಪಿಡಿ ಇಟ್ಟುಕೊಂಡು ಹೋಲಿಸಿ ನೋಡುವುದು ನನ್ನ ರೂಢಿ.

ಪೌಡರಿನ ಹೆಸರುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹಾಡ್ಜ್‌ಡನ್‌ನವರ ಎಚ್4350 ಅಂತ ಒಂದಿದೆ, ಐಎಂಆರ್ 4350 ಅಂತ ಇನ್ನೊಂದಿದೆ. ಅಂಕಿ ಒಂದೇ, ಪೌಡರ್ ಬೇರೆ, ಅಳತೆಯೂ ಬೇರೆ. ಡಬ್ಬಿಯ ಮೇಲಿನ ಪೂರ್ತಿ ಹೆಸರು ಕೈಪಿಡಿಯ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಇರಬೇಕು. ಕೆಲಸ ಮುಗಿದ ಕೂಡಲೇ ಉಳಿದಿದ್ದು ಅದೇ ಡಬ್ಬಿಗೆ ವಾಪಸ್. ಹೆಸರಿಲ್ಲದ ಪೌಡರ್ ಸಿಕ್ಕಿತು ಅಂದರೆ ಅದು ಎಷ್ಟೇ ದುಬಾರಿಯದ್ದಾಗಿರಲಿ, ಬಳಸುವ ಮಾತೇ ಇಲ್ಲ.

ಈಗ ಪ್ರೆಸ್. ಎಲ್ಲರೂ ಕೇಳುವುದು ಇದನ್ನೇ. ಹಿಡಿ ಒತ್ತಿದರೆ ಕೆಳಗಿನ ರ‍್ಯಾಮ್ ಅನ್ನುವ ದಂಡ ಮೇಲೇರಿ ಕೇಸನ್ನು ಡೈ, ಅಂದರೆ ಉಕ್ಕಿನ ಅಚ್ಚಿನ ಒಳಗೆ ನೂಕುವ ಯಂತ್ರ ಇದು. ಮೂರು ಬಗೆ ಇವೆ. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ, ಒಂದೇ ಕೆಲಸ. ಟರೆಟ್‌ನಲ್ಲಿ ಮೇಲೆ ತಿರುಗುವ ತಟ್ಟೆ, ಅದರಲ್ಲಿ ನಾಲ್ಕೋ ಏಳೋ ಡೈ, ಕೇಸ್ ಒಂದೇ ಜಾಗದಲ್ಲಿ ಇರುತ್ತದೆ, ಡೈಗಳು ಸುತ್ತುತ್ತವೆ. ಪ್ರೋಗ್ರೆಸಿವ್‌ನಲ್ಲಿ ಕೇಸ್‌ಗಳೇ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸಾಗುತ್ತವೆ, ಒಮ್ಮೆ ಹಿಡಿ ಎಳೆದರೆ ಒಂದು ತೋಟಾ ತಯಾರಾಗಿ ಬುಟ್ಟಿಗೆ ಬೀಳುತ್ತದೆ.

ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಪರಿಚಯವಾದವರಲ್ಲಿ ಅರ್ಧ ಜನ ಪ್ರೋಗ್ರೆಸಿವ್ ತಗೋ, ಆಮೇಲೆ ಹೇಗಿದ್ದರೂ ತಗೊಳ್ತೀಯಾ ಅಂದರು. ಡಿಲ್ಲನ್ ಕಂಪನಿಯ ಪ್ರೋಗ್ರೆಸಿವ್ ಯಂತ್ರಗಳನ್ನು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆದರೆ ನಾನು ಕೊಂಡಿದ್ದು ಆರ್‌ಸಿಬಿಎಸ್‌ನ ರಾಕ್ ಚಕರ್, ಸಿಂಗಲ್ ಸ್ಟೇಜ್. ಕಾರಣ ಹೇಳುತ್ತೇನೆ. ಪ್ರೋಗ್ರೆಸಿವ್‌ನಲ್ಲಿ ಒಂದೇ ಹೊತ್ತಿಗೆ ನಾಲ್ಕೈದು ಕೆಲಸ ನಡೆಯುತ್ತಿರುತ್ತವೆ. ಇಲ್ಲಿ ಪ್ರೈಮರ್ ಕೂರುತ್ತಿದೆ, ಅಲ್ಲಿ ಪೌಡರ್ ಬೀಳುತ್ತಿದೆ, ಆ ಕಡೆ ಬುಲೆಟ್ ಇಳಿಯುತ್ತಿದೆ. ಸರಿಯಾಗಿ ಕೂತ ಪ್ರೈಮರ್ ಕೈಗೆ ಹೇಗೆ ಅನ್ನಿಸುತ್ತದೆ ಅಂತಲೇ ಗೊತ್ತಿಲ್ಲದವನು ನಾಲ್ಕು ಕೆಲಸವನ್ನು ಒಟ್ಟಿಗೆ ಹೇಗೆ ಗಮನಿಸುತ್ತಾನೆ? ಸಿಂಗಲ್ ಸ್ಟೇಜ್ ನಿಧಾನ, ನಿಜ. ಆದರೆ ಒಂದೊಂದು ಹಂತವೂ ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಈ ಹವ್ಯಾಸದಲ್ಲಿ ಯಾವುದೇ ಸಾಮಾನು ಕೊಳ್ಳುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಇದು ಏನು ಮಾಡುತ್ತಿದೆ ಅಂತ ನನಗೆ ಕಾಣುತ್ತದಾ?

ಪ್ರೆಸ್ ಕೊಳ್ಳುವಾಗ ಚೌಕಟ್ಟು ಎರಕದ ಕಬ್ಬಿಣದ್ದಾ ಅಂತ ನೋಡಿ. ಸುತ್ತ ಮುಚ್ಚಿದ ಚೌಕಟ್ಟು ಇದ್ದರೆ ಬಾಗುವುದಿಲ್ಲ. ಡೈ ಕೂರುವ ಜಾಗದ ತಿರುಪಿನ ಮರೆ ಬಹುಪಾಲು ಕಂಪನಿಗಳಲ್ಲಿ ಒಂದೇ ಅಳತೆ, 7/8-14, ಅಂದರೆ 7/8 ಇಂಚು ಅಗಲ, ಇಂಚಿಗೆ 14 ಸುತ್ತು. ಹಾಗಾಗಿ ಲೀ ಕಂಪನಿಯ ಡೈ ಆರ್‌ಸಿಬಿಎಸ್ ಪ್ರೆಸ್‌ಗೆ, ರೆಡ್ಡಿಂಗ್ ಡೈ ಹಾರ್ನಡಿ ಪ್ರೆಸ್‌ಗೆ ಆರಾಮಾಗಿ ಕೂರುತ್ತದೆ. ಡಿಲ್ಲನ್‌ನ ಸ್ಕ್ವೇರ್ ಡೀಲ್ ಬಿ ಮಾತ್ರ ತನ್ನದೇ ಡೈ ಕೇಳುತ್ತದೆ. ಇನ್ನೊಂದು ಮಾತು. ಪ್ರೆಸ್‌ಗಿಂತ ಅದು ಕೂರುವ ಮೇಜು ಗಟ್ಟಿ ಇರಬೇಕು. ರೈಫಲ್ ಕೇಸನ್ನು ಡೈ ಒಳಗೆ ಒತ್ತಿ ಅಳತೆಗೆ ತರುವಾಗ ಬೀಳುವ ಬಲಕ್ಕೆ ಸಾಧಾರಣ ಟೇಬಲ್ ಎದ್ದು ಬರುತ್ತದೆ. ನಾನು ದಪ್ಪ ಹಲಗೆ ಹಾಕಿ ಗೋಡೆಯ ಮರದ ಕಂಬಗಳಿಗೇ ಬೋಲ್ಟ್ ಹೊಡೆಸಿದೆ.

ಕಾಸು ಎಲ್ಲಿ ಬಿಗಿ ಹಿಡಿಯಬಾರದು ಅಂತ ಕೇಳಿದರೆ, ತಕ್ಕಡಿಯಲ್ಲಿ. ನನ್ನ ಹತ್ತಿರ ಎರಡಿವೆ. ಒಂದು ಡಿಜಿಟಲ್, ಇನ್ನೊಂದು ಹಳೇ ಕಾಲದ ದಂಡದ ತಕ್ಕಡಿ. ಅಕ್ಕಸಾಲಿಗರ ತಕ್ಕಡಿಯ ಹಾಗೆ ಎರಡನೆಯದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ, ಮುಳ್ಳು ಗೆರೆಗೆ ಬಂದು ನಿಂತರೆ ಆಯಿತು. ಡಿಜಿಟಲ್ ಬೇಗ ತೋರಿಸುತ್ತದೆ, ಆದರೆ ಎಸಿ ಗಾಳಿಗೆ, ಪಕ್ಕದಲ್ಲಿಟ್ಟ ಫೋನಿಗೆ, ಟ್ಯೂಬ್‌ಲೈಟಿಗೆ ಅಂಕಿ ಮೆಲ್ಲಗೆ ಜಾರುತ್ತದೆ. ಅದಕ್ಕೇ ಕೂರುವ ಮೊದಲು ಅದನ್ನು ಸ್ವಲ್ಪ ಹೊತ್ತು ಆನ್ ಮಾಡಿಟ್ಟು, ತೂಕದ ಬಿಲ್ಲೆಗಳಿಂದ ಪರೀಕ್ಷಿಸಿ, ಆಮೇಲೆ ಶುರು ಮಾಡುತ್ತೇನೆ. ನಡುನಡುವೆ ಒಂದನ್ನು ತೆಗೆದು ದಂಡದ ತಕ್ಕಡಿಯಲ್ಲೂ ನೋಡುತ್ತೇನೆ. ಪೌಡರ್ ಸುರಿಯುವ ಯಂತ್ರ ಸ್ವಲ್ಪ ಕಡಿಮೆಯೇ ಹಾಕುವಂತೆ ಹೊಂದಿಸಿ, ಉಳಿದದ್ದನ್ನು ಟ್ರಿಕ್ಲರ್ ಅನ್ನುವ ಚಿಕ್ಕ ಕೊಳವೆಯಿಂದ ಕಾಳು ಕಾಳಾಗಿ ಬೀಳಿಸುವುದು. ಬೆರಳಲ್ಲಿ ಅದನ್ನು ಮೆಲ್ಲಗೆ ತಿರುಗಿಸಿದರೆ ಸಣ್ಣ ಪೆನ್ಸಿಲ್ ಸೀಸದ ತುಂಡಿನಂಥ ಕಾಳು ಒಂದೊಂದೇ ಬೀಳುತ್ತದೆ. ಎರಡು ಮೂರು ಕಾಳು ಬಿದ್ದಾಗ ಮುಳ್ಳು ಅಲುಗಿ, ಮೇಲೇರಿ, ಗೆರೆಯಲ್ಲಿ ನಿಲ್ಲುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಇನ್ನು ಕ್ರಮ. ನಾನು .308 ವಿಂಚೆಸ್ಟರ್ ಅನ್ನುವ ಅಳತೆಯ ತೋಟಾವನ್ನು ರೈಫಲ್‌ಗೆ ತುಂಬುವುದರಿಂದ ಅದನ್ನೇ ಹೇಳುತ್ತೇನೆ. ಖಾಲಿ ಕೇಸ್‌ಗಳನ್ನು ಮೊದಲು ಒಂದೊಂದಾಗಿ ನೋಡಬೇಕು. ಕುತ್ತಿಗೆಯಲ್ಲಿ ಸೀಳು ಇದೆಯಾ, ಬುಡದ ಹತ್ತಿರ ಹೊಳೆಯುವ ಉಂಗುರದಂಥ ಗೆರೆ ಬಂದಿದೆಯಾ. ಆ ಗೆರೆ ಕಂಡರೆ ಪೇಪರ್ ಕ್ಲಿಪ್ ನೇರ ಮಾಡಿ, ತುದಿ ಬಗ್ಗಿಸಿ, ಕೇಸಿನ ಒಳಗೆ ಬುಡದಿಂದ ಮೇಲಕ್ಕೆ ಗೀರುತ್ತಾ ಬನ್ನಿ. ಒಳಗೆ ಹಿತ್ತಾಳೆ ಸವೆದಿದ್ದರೆ ತುದಿ ಒಂದು ಕಡೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿದರೆ ಆ ಕೇಸಿನ ಆಯುಷ್ಯ ಮುಗಿಯಿತು. ಇಕ್ಕಳದಲ್ಲಿ ಬಾಯಿ ಜಜ್ಜಿ ಗುಜರಿ ಡಬ್ಬಕ್ಕೆ ಹಾಕಿಬಿಡುತ್ತೇನೆ. ಮತ್ತೆ ಬಳಸಿದರೆ ಅದು ಕೋವಿಯ ಒಳಗೇ ಎರಡು ತುಂಡಾಗಬಹುದು.

ಪ್ರೈಮರ್ ಜಾಗವನ್ನೂ ನೋಡಿ. ಬಾಕ್ಸರ್ ಮತ್ತು ಬರ್ಡನ್ ಅಂತ ಎರಡು ಬಗೆ. ಬಾಕ್ಸರ್‌ಗೆ ನಡುವೆ ಒಂದೇ ತೂತು, ಡೈನ ಸೂಜಿ ಹಳೆ ಪ್ರೈಮರನ್ನು ನೂಕಿ ಹಾಕುತ್ತದೆ. ಬರ್ಡನ್‌ಗೆ ಸಾಮಾನ್ಯವಾಗಿ ಎರಡು ಸಣ್ಣ ತೂತು, ಅದರ ಮೇಲೆ ಒತ್ತಿದರೆ ಸೂಜಿ ಮುರಿಯುತ್ತದೆ. ಬರ್ಡನ್ ಅಮೆರಿಕದವರು, ಬಾಕ್ಸರ್ ಇಂಗ್ಲೆಂಡಿನವರು. ಆದರೂ ಅಮೆರಿಕದಲ್ಲಿ ಹೆಚ್ಚಾಗಿ ಬಳಸುವುದು ಬಾಕ್ಸರ್ ಪದ್ಧತಿಯನ್ನೇ. ಮಿಸೌರಿಯ ಲೇಕ್ ಸಿಟಿ ಸೇನಾ ಕಾರ್ಖಾನೆಯ ಕೇಸ್‌ಗಳು, ಬುಡದಲ್ಲಿ ಎಲ್‌ಸಿ ಅಂತ ಇರುತ್ತದೆ, ಗಟ್ಟಿಮುಟ್ಟಾದವು. ಆದರೆ ಅವುಗಳಲ್ಲಿ ಪ್ರೈಮರ್ ಸುತ್ತ ಅಂಚು ಒತ್ತಿರುತ್ತಾರೆ. ಆ ಅಂಚನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಅದಕ್ಕೆ ಬೇರೆಯೇ ಉಪಕರಣ ಬೇಕು.

ತೊಳೆಯುವುದಕ್ಕೆ ಎರಡು ದಾರಿ. ವಾಲ್‌ನಟ್ ಸಿಪ್ಪೆಯ ಪುಡಿ ಹಾಕಿ ಅಲುಗಾಡಿಸುವ ಒಣ ಯಂತ್ರ, ಇಲ್ಲವೇ ನೀರು, ಸೋಪು, ಸ್ಟೀಲ್ ಪಿನ್ ಹಾಕಿ ಉರುಳಿಸುವ ಡ್ರಮ್. ನಾನು ನೀರಿನದ್ದನ್ನೇ ಆರಿಸಿದೆ. ಪ್ರೈಮರ್ ಉರಿದು ಉಳಿಯುವ ಮಸಿಯಲ್ಲಿ ಸೀಸ ಇರುತ್ತದೆ, ಒಣ ಪುಡಿಯ ಧೂಳು ಗಾಳಿಗೇಳುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ. ನನಗೆ ಅಷ್ಟೇ ಕಾರಣ ಸಾಕಾಯಿತು. ಆ ಕೊಳೆ ನೀರಿಗೂ ಒಂದು ಬೇರೆ ಬಕೆಟ್ಟು, ಅಡುಗೆಮನೆಯ ಪಾತ್ರೆ ಪಗಡಿಗೆ ಅದರ ಸಂಪರ್ಕವೇ ಇಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ಮುಟ್ಟುವುದಿಲ್ಲ, ಬೆಂಚಿನ ಹತ್ತಿರ ಕಾಫಿ ಲೋಟವೂ ಬರುವಂತಿಲ್ಲ.

ಒಣಗಿದ ಮೇಲೆ ಸೈಜಿಂಗ್. ಗುಂಡು ಹಾರಿದಾಗ ಹಿತ್ತಾಳೆ ಹಿಗ್ಗಿರುತ್ತದೆ, ಡೈ ಅದನ್ನು ಮತ್ತೆ ಅಳತೆಗೆ ತರುತ್ತದೆ. ಪಿಸ್ತೂಲಿನ ನೇರ ಕೇಸ್‌ಗೆ ಕಾರ್ಬೈಡ್ ಡೈ ಇದ್ದರೆ ಜಿಡ್ಡು ಬೇಡ. .308ನಂಥ ಬಾಟಲಿ ಕುತ್ತಿಗೆಯ ಕೇಸ್‌ಗೆ ಜಿಡ್ಡು ಬೇಕೇ ಬೇಕು, ಇಲ್ಲದಿದ್ದರೆ ಡೈ ಒಳಗೆ ಕಚ್ಚಿಕೊಂಡು ಕೂತುಬಿಡುತ್ತದೆ. ಬೆರಳ ತುದಿಗೆ ಸ್ವಲ್ಪ ಮೇಣ ತಗೊಂಡು ಕೇಸಿನ ಮೈಗೆ ಸವರುತ್ತೇನೆ, ಕುತ್ತಿಗೆಯ ಕೆಳಗಿನ ಇಳಿಜಾರಿಗೆ, ಅಂದರೆ ಭುಜಕ್ಕೆ ಸವರುವುದಿಲ್ಲ, ಅಲ್ಲಿ ಜಿಡ್ಡು ನಿಂತರೆ ತಗ್ಗು ಬೀಳುತ್ತದೆ. ಆಮೇಲೆ ಉದ್ದ. ಈ ಕೇಸಿನ ಗರಿಷ್ಠ ಉದ್ದ 2.015 ಇಂಚು, ಕತ್ತರಿಸುವುದಾದರೆ 2.005ಕ್ಕೆ. ಕ್ಯಾಲಿಪರ್ ಇಲ್ಲದೆ ಈ ಕೆಲಸ ಆಗುವುದಿಲ್ಲ. ಕತ್ತರಿಸಿದ ಬಾಯಿಗೆ ಒಳಗೂ ಹೊರಗೂ ಚೂಪು ತೆಗೆಯಬೇಕು.

ಪ್ರೈಮರ್ ಕೂರಿಸಲು ಪ್ರೆಸ್‌ನಲ್ಲೇ ವ್ಯವಸ್ಥೆ ಇದೆ, ಆದರೂ ನಾನು ಕೈಯಲ್ಲಿ ಹಿಡಿದು ಒತ್ತುವ ಉಪಕರಣ ಕೊಂಡೆ. ಹೆಬ್ಬೆರಳ ಒತ್ತಡದಲ್ಲಿ ಪ್ರೈಮರ್ ತಳ ಮುಟ್ಟಿದ್ದು ತಿಳಿಯುತ್ತದೆ. ಸಡಿಲವಾಗಿ ಇಳಿದರೆ ಆ ಕೇಸಿನ ಪ್ರೈಮರ್ ಜಾಗ ಅಗಲವಾಗಿದೆ ಅಂತ ಅರ್ಥ. ಕೂರಿಸಿದ ಮೇಲೆ ಬೆರಳು ಆಡಿಸಿ ನೋಡಿ, ಬುಡದ ಮಟ್ಟಕ್ಕಿಂತ ಕೂದಲಷ್ಟು ಒಳಗಿರಬೇಕು. ಈ ಹಂತದಲ್ಲಿ ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಕೂರಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಪೌಡರ್ ಹಾಕುವ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿ. ಯಾರಾದರೂ ಕರೆದರೆ, ಕೈಯಲ್ಲಿರುವ ಕೇಸ್ ಖಾಲಿ ಮಾಡಿ ಎದ್ದು ಹೋಗುತ್ತೇನೆ. ರಂಧ್ರಗಳಿರುವ ಹಲಗೆಯಲ್ಲಿ 50 ಕೇಸ್ ಸಾಲಾಗಿ ನಿಲ್ಲಿಸಿ, ಎಲ್ಲಕ್ಕೂ ಹಾಕಿದ ಮೇಲೆ ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡುವುದು. ಎಲ್ಲದರ ಮಟ್ಟ ಒಂದೇ ಇರಬೇಕು. ಒಂದು ಮೇಲೆ, ಒಂದು ಕೆಳಗೆ ಕಂಡರೆ ಆ ಎರಡನ್ನೂ ಸುರಿದು ಮತ್ತೆ ತೂಗುವುದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, .38 ಸ್ಪೆಷಲ್ ಅನ್ನುವ ರಿವಾಲ್ವರ್ ತೋಟಾ ನೋಡಿ. 1890ರ ದಶಕದ ಕೊನೆಗೆ, ಕಪ್ಪು ಮದ್ದಿನ ಕಾಲದ ಅಳತೆಯಲ್ಲಿ ಹುಟ್ಟಿದ್ದು, ಹಾಗಾಗಿ ಕೇಸ್ ಉದ್ದ. ಈಗಿನ ಬೇಗ ಉರಿಯುವ ಪೌಡರ್ ಅದರ ತಳದಲ್ಲಿ ಸ್ವಲ್ಪವೇ ಕೂರುತ್ತದೆ. ಮರೆತು ಎರಡು ಸಲ ಹಾಕಿದರೂ ಹೊರಗೆ ಚೆಲ್ಲುವುದಿಲ್ಲ, ಮೇಲೆ ಬುಲೆಟ್ ಆರಾಮಾಗಿ ಕೂರುತ್ತದೆ. ರಿವಾಲ್ವರ್ ಒಡೆಯುವುದು ಹೀಗೆ.

ಪೌಡರ್ ಬೀಳದೇ ಹೋದರೆ ಇನ್ನೊಂದು ಅಪಾಯ. ಪ್ರೈಮರ್ ಒಂದೇ ಸಿಡಿದು ಬುಲೆಟ್ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸ್ಕ್ವಿಬ್ ಅನ್ನುತ್ತಾರೆ. ರೇಂಜಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಒಬ್ಬರಿಗೆ ಹೀಗಾಯಿತು. ಢಂ ಅನ್ನುವ ಬದಲು ಪುಸ್ ಅಂತ ಒಂದು ಸಣ್ಣ ಸದ್ದು, ಕೈಗೆ ಏಟೇ ಇಲ್ಲ. ಅವರು ಮತ್ತೆ ಟ್ರಿಗರ್ ಕಡೆ ಬೆರಳು ಒಯ್ಯುವಷ್ಟರಲ್ಲಿ ರೇಂಜ್ ಅಧಿಕಾರಿ ಕೂಗಿ ನಿಲ್ಲಿಸಿದರು. ಕೋವಿ ಬಿಚ್ಚಿ ನೋಡಿದರೆ ಬುಲೆಟ್ ನಳಿಗೆಯಲ್ಲೇ ಇತ್ತು. ಎರಡನೇ ಗುಂಡು ಹಾರಿದ್ದರೆ ಅದಕ್ಕೆ ಹೊರಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ. ಸದ್ದು ಬೇರೆ ಥರ ಕೇಳಿದರೆ ನಿಲ್ಲಿಸಿ, ಖಾಲಿ ಮಾಡಿ, ನಳಿಗೆ ನೋಡಿ.

ಬುಲೆಟ್ ಕೂರಿಸಿ ಒಟ್ಟು ಉದ್ದ ಕೈಪಿಡಿಗೆ ಹೊಂದಿಸಿದರೆ ತೋಟಾ ತಯಾರು. ಪಿಸ್ತೂಲಿನದ್ದಾದರೆ ನಳಿಗೆ ಬಿಚ್ಚಿ ಕೈಯಲ್ಲಿ ಹಿಡಿದು, ತೋಟಾ ಒಂದನ್ನು ಅದರೊಳಗೆ ಬಿಡಿ. ಟಣ್ ಅಂತ ತಳ ಮುಟ್ಟಿ, ತಿರುವಿ ಹಿಡಿದರೆ ತಾನಾಗೇ ಜಾರಿ ಬೀಳಬೇಕು. ಹೊಸ ಅಳತೆ ಅಂದರೆ ಯಾವಾಗಲೂ ಕೆಳಗಿನ ಅಂಕಿಯಿಂದ ಶುರು, ಕೆಲವೇ ಕೆಲವು ತುಂಬಿ, ಹಾರಿಸಿ, ಕೇಸ್ ನೋಡಿ, ಮುಂದಕ್ಕೆ. ಪ್ರೈಮರ್ ಅಪ್ಪಚ್ಚಿಯಾಗಿದ್ದರೆ, ರೈಫಲಿನ ಬೋಲ್ಟ್ ಹಿಡಿ ಎತ್ತಲು ಬಿಗಿಯಾದರೆ, ಬುಡದ ಮೇಲೆ ಹೊಳೆಯುವ ಗುರುತು ಬಿದ್ದಿದ್ದರೆ ಒತ್ತಡ ಜಾಸ್ತಿ ಆಗಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ ಕೆಳಗಿಳಿಯಬೇಕು. ಪ್ರತಿ ಡಬ್ಬಿಗೂ ಚೀಟಿ ಅಂಟಿಸುತ್ತೇನೆ, ದಿನಾಂಕ, ಪೌಡರ್, ತೂಕ, ಬುಲೆಟ್, ಪ್ರೈಮರ್, ಕೇಸ್ ಎಷ್ಟನೇ ಸಲ ಬಳಸಿದ್ದು. ಬೇರೆಯವರು ತುಂಬಿದ ತೋಟಾ ನಾನು ಹಾರಿಸುವುದಿಲ್ಲ, ನನ್ನದನ್ನು ಬೇರೆಯವರಿಗೆ ಕೊಡುವುದೂ ಇಲ್ಲ. ಎಷ್ಟೇ ಹತ್ತಿರದ ಸ್ನೇಹಿತರಾದರೂ ಅಷ್ಟೇ.

ದುಡ್ಡು ಉಳಿಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಪೌಂಡ್ ಪೌಡರಿನಲ್ಲಿ .308 ಆದರೆ ಸುಮಾರು 160 ತೋಟಾ ಆಗುತ್ತದೆ, 9 ಎಂಎಂ ಪಿಸ್ತೂಲಿನದ್ದು ಸಾವಿರ ದಾಟುತ್ತದೆ. ಆದರೂ 9 ಎಂಎಂ ಅಂಗಡಿಯಲ್ಲೇ ಅಗ್ಗ, ತುಂಬಿ ಉಳಿಯುವುದು ಸ್ವಲ್ಪ. ಗುರಿ ಸ್ಪರ್ಧೆಗೆ ಬಳಸುವ .308 ತೋಟಾ ಅಂಗಡಿಯಲ್ಲಿ ದುಬಾರಿ, ಅಲ್ಲಿ ಚೆನ್ನಾಗಿ ಉಳಿಯುತ್ತದೆ, ಜೊತೆಗೆ ನಿಮ್ಮ ಕೋವಿಗೆ ಯಾವುದು ಹೊಂದುತ್ತದೋ ಅದನ್ನೇ ತುಂಬಿಕೊಳ್ಳಬಹುದು. 2020ರಲ್ಲಿ ಕೋವಿಡ್ ಬಂದಾಗ ಪ್ರೈಮರ್‌ಗಳು ಕಪಾಟಿನಿಂದ ಮಾಯವಾಗಿ, ಸಿಕ್ಕರೂ ಬೆಲೆ ಎರಡು ಮೂರು ಪಟ್ಟು ಆಗಿತ್ತು. ಆನ್‌ಲೈನ್‌ನಲ್ಲಿ ತರಿಸಿದರೆ ಪೌಡರ್, ಪ್ರೈಮರ್‌ಗೆ ಅಪಾಯಕಾರಿ ಸರಕಿನ ಶುಲ್ಕ ಬೇರೆ ಸೇರುತ್ತದೆ. ಹಾಗಾಗಿ ಸ್ನೇಹಿತರು ನಾಲ್ಕು ಜನ ಸೇರಿ ಒಟ್ಟಿಗೆ ತರಿಸುತ್ತಾರೆ. ಮನೆಯಲ್ಲಿ ಇಡುವುದಕ್ಕೂ ಮಿತಿ ಇದೆ. ಇಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಪ್ರಕಾರ ಪೌಡರನ್ನು ಮೂಲ ಡಬ್ಬಿಯಲ್ಲೇ 20 ಪೌಂಡ್ ತನಕ ಇಡಬಹುದು, ಅದನ್ನು ಮೀರಿದರೆ ದಪ್ಪ ಹಲಗೆಯ ಮರದ ಪೆಟ್ಟಿಗೆ ಬೇಕು; ಪ್ರೈಮರ್ 10,000 ಮೀರಬಾರದು. ನನ್ನ ಪೌಡರ್ ಒಂದು ಕಪಾಟಿನಲ್ಲಿ, ಪ್ರೈಮರ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ, ಎರಡೂ ವಾಟರ್ ಹೀಟರ್‌ನಿಂದ ದೂರ.

ಈಗ ಶುರು ಮಾಡುವವರು ಸಿಂಗಲ್ ಸ್ಟೇಜ್ ಕಿಟ್ ತಗೊಳ್ಳಿ, ಪ್ರೆಸ್, ತಕ್ಕಡಿ, ಪೌಡರ್ ಅಳತೆ ಯಂತ್ರ ಎಲ್ಲ ಒಟ್ಟಿಗೆ ಇರುತ್ತದೆ. ಡೈ ಸೆಟ್, ಪ್ರೆಸ್‌ನಲ್ಲಿ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್, ಕ್ಯಾಲಿಪರ್, ಬುಲೆಟ್ ಎಳೆಯುವ ಸುತ್ತಿಗೆ, ತೂಕದ ಬಿಲ್ಲೆ ಬೇರೆ ಕೊಳ್ಳಬೇಕಾಗುತ್ತದೆ. ತೊಳೆಯುವ ಡ್ರಮ್, ಕೇಸ್ ಕತ್ತರಿಸುವ ಕರೆಂಟಿನ ಟ್ರಿಮ್ಮರ್ ಇವೆಲ್ಲ ಆಮೇಲೆ ಬರಲಿ. ತಿಂಗಳಿಗೆ ನೂರಿನ್ನೂರು ಹಾರಿಸುವವರಿಗೆ ಇದೇ ಸಾಕು. ವಾರವಾರವೂ ಪಿಸ್ತೂಲ್ ಸ್ಪರ್ಧೆಗೆ ಹೋಗುವವರಿಗೆ ಪ್ರೋಗ್ರೆಸಿವ್ ಬೇಕಾಗುತ್ತದೆ, ಆಗಲೂ ಪೌಡರ್ ಮಟ್ಟ ನೋಡುವ ಅಲಾರಂ ಇರುವ, ಐದು ನಿಲ್ದಾಣದ್ದನ್ನೇ ತಗೊಳ್ಳಿ. ಸಿಂಗಲ್ ಸ್ಟೇಜ್ ಆಗ ಮಾರಬೇಡಿ. ಕೂರಿಸಿದ ಬುಲೆಟ್ ಎಳೆದು ತೆಗೆಯಲು, ಹೊಸ ಅಳತೆಯ ಮೊದಲ ಹತ್ತಿಪ್ಪತ್ತು ತುಂಬಲು ಅದು ಬೇಕೇ ಆಗುತ್ತದೆ.